ಕಾಶಿಯ ಆಕಾಶಕ್ಕೊಂದು ಮಹಜರು

ಮೂವತ್ತು ಚಿಲ್ಲರೆ ವರ್ಷ ಕಂದಾಯ ಇಲಾಖೆಯಲ್ಲಿ ಮಹಜರು ಬರೆದವನು ನಾನು. ಒತ್ತುವರಿಯಾದ ಗೋಮಾಳ, ಬೆಂಕಿ ಬಿದ್ದ ಹುಲ್ಲಿನ ಮೆದೆ, ಸಿಡಿಲು ಬಡಿದು ಸತ್ತ ಎತ್ತು, ಬದು ಒಡೆದು ನುಗ್ಗಿದ ನಾಲೆ ನೀರು, ಎಲ್ಲಕ್ಕೂ ಒಂದೇ ಧಾಟಿ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ಸರ್ವೆ ನಂಬರಿನಲ್ಲಿ, ಕೆಳಗೆ ಸಹಿ ಮಾಡಿದ ಪಂಚರಾದ ನಾವು ಖುದ್ದು ಹಾಜರಿದ್ದು ಕಂಡದ್ದೇನೆಂದರೆ. ಆಮೇಲೆ ಚಕ್ಕುಬಂದಿ, ಅಳತೆ, ಪಂಚರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಇಷ್ಟೆಲ್ಲ ಬರೆದ ನಾನು, ಬರೆಯಲೇಬೇಕಾಗಿದ್ದ ಒಂದನ್ನು ಬರೆಯದೆ ಬಿಟ್ಟೆ.

ಹ್ಯಾಲಿ ಧೂಮಕೇತು ಬಂದುಹೋದ 1986ರ ಚಳಿಗಾಲ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲೆ ನೀರಿನ ತಕರಾರು ಮುಗಿಸಿ, ಆಲೆಮನೆಯ ಮುಂದೆ ಒಂದು ಲೋಟ ಕಬ್ಬಿನ ಹಾಲು ಹಿಡಿದು ನಿಂತಿದ್ದೆ. ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ಕೊಪ್ಪರಿಗೆಯ ಕೆಳಗಿನ ಬೆಂಕಿ ಬಿಟ್ಟರೆ ಬೇರೆ ಬೆಳಕಿಲ್ಲ. ಇದ್ದಕ್ಕಿದ್ದಂತೆ ನೆಲದ ಮೇಲೆ ನನ್ನ ನೆರಳು ಕಾಣಿಸಿತು. ಕಂಡದ್ದಷ್ಟೇ ಅಲ್ಲ, ಗಡಿಯಾರದ ಮುಳ್ಳಿನಂತೆ ನನ್ನ ಸುತ್ತ ಸರಿಯಿತು. ತಲೆಯೆತ್ತಿದರೆ ದಕ್ಷಿಣದಿಂದ ಪೂರ್ವಕ್ಕೆ ಒಂದು ಉಂಡೆ, ಹಸುರು ಬೆರೆತ ಬಿಳುಪು, ತೆಂಗಿನ ಮರಗಳ ತಲೆ ಸವರಿಕೊಂಡು ಹೋದ ಹಾಗೆ ಹೋಗಿ ಮೂರು ಚೂರಾಗಿ ಆರಿತು. ನಾಲ್ಕು ಸೆಕೆಂಡೋ ಐದೋ. ಪಕ್ಕದಲ್ಲಿದ್ದ ನೀರಗಂಟಿ ಕೈಲಿದ್ದ ಬೆಂಕಿಪೊಟ್ಟಣ ಬೀಳಿಸಿದ.

"ಕೊಳ್ಳಿ ಬಿತ್ತು ಕಣ್ರಪ್ಪಾ! ಶಾನುಭೋಗ್ರೇ, ನೋಡುದ್ರಾ?"

ನೋಡಿದೆ ಎಂದೆ. ಪೊಟ್ಟಣ ಹುಡುಕಿ ಬೀಡಿ ಹಚ್ಚಿದ. ಅದು ಅರ್ಧ ಸುಟ್ಟಿರಬೇಕು, ಆಗ ಸದ್ದು ಬಂತು. ಹಲಗೆ ಸೇತುವೆಯ ಮೇಲೆ ಕಬ್ಬಿನ ಗಾಡಿಗಳು ಸಾಲಾಗಿ ಹಾದುಹೋದಂಥ ಗುಡುಗುಡು. "ಯಾರ್ಗೂ ಯೋಳ್ಬ್ಯಾಡಿ, ಒಳ್ಳೇದಲ್ಲ" ಎಂದ.

ನಾನು ಹೇಳಿದೆ. ಮಾರನೆಯ ದಿನ ಕಚೇರಿಯಲ್ಲಿ ಹೇಳಿದೆ. ಹಿರಿಯರೊಬ್ಬರು ನಕ್ಕು, ಹ್ಯಾಲಿ ತನ್ನ ಬಾಲ ಮರೆತು ಹೋಗಿರಬೇಕು, ವಾರಸುದಾರರು ಬರುವ ತನಕ ಜಪ್ತಿ ಮಾಡಿಡಿ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಂಟೆ, ದಿಕ್ಕು, ತಾರೀಖು ಒಂದನ್ನೂ ಬರೆದಿಡಲಿಲ್ಲ. ಡಿಸೆಂಬರ್ ಇರಬೇಕು ಎನ್ನುವುದಕ್ಕೆ ಕಬ್ಬು ಕಡಿಯುತ್ತಿದ್ದರು ಎಂಬುದೇ ನನ್ನ ಸಾಕ್ಷಿ, ಮಂಡ್ಯ ಸೀಮೆಯಲ್ಲಿ ಇದೆಂಥ ಸಾಕ್ಷಿ ಎಂದು ನಿಮಗೇ ಗೊತ್ತು.

ನಿವೃತ್ತನಾದ ಮೇಲೆ ಬೆಂಕಿಯುಂಡೆಗಳ ಹಳೆಯ ವರದಿಗಳನ್ನು ಓದುವ ಚಟ ಹತ್ತಿತು. ಅವುಗಳಲ್ಲಿ ಒಂದನ್ನು ಓದಿದಾಗ ಮಾತ್ರ ಕುರ್ಚಿಯಿಂದ ಎದ್ದು ನಿಂತೆ. ಅದು ವಿಜ್ಞಾನದ ಪ್ರಬಂಧವೆಂದು ಲಂಡನ್ನಿನ ರಾಯಲ್ ಸೊಸೈಟಿ ಅಚ್ಚು ಮಾಡಿತ್ತು. ನನ್ನ ಕಣ್ಣಿಗೆ ಅದು ಅಪ್ಪಟ ಮಹಜರು.

ನಡೆದದ್ದು ಕಾಶಿಯಲ್ಲಿ, 1798ರ ಡಿಸೆಂಬರ್ 19ರಂದು, ರಾತ್ರಿ ಎಂಟರ ಹೊತ್ತಿಗೆ. ಬರೆದವನು ಜಾನ್ ಲಾಯ್ಡ್ ವಿಲಿಯಮ್ಸ್. ಈತ ಕಾಶಿಯಲ್ಲಿ ನೆಲೆಸಿದ್ದ ಬ್ರಿಟನ್ನಿನವ. ಅಲ್ಲಿನ ಜನ ಚಳಿಗಾಲದ ರಾತ್ರಿಗಳಲ್ಲಿ ಮಂಜುಗಡ್ಡೆ ತಯಾರಿಸುವ ಕ್ರಮವನ್ನೂ ಗಂಗೆಯ ದಡದ ಮಾನಮಂದಿರದ ಖಗೋಳ ಯಂತ್ರಗಳ ವಿವರವನ್ನೂ 1793ರಲ್ಲೇ ಲಂಡನ್ನಿಗೆ ಬರೆದು ಕಳಿಸಿದ್ದವನು. ಕಂಡದ್ದನ್ನು ಅಳೆದು ನೋಡುವ ಜಾತಿ.

ಅವನ ಬರಹ ಹೇಗಿದೆ ನೋಡಿ. ಹವಾಮಾನ: ಆ ತಿಂಗಳ 11ರಿಂದ ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ, ಆಮೇಲೆಯೂ ಹಲವು ದಿನ ಇರಲಿಲ್ಲ. ಅಂದರೆ ಕೇಳಿದ ಗುಡುಗು ಮಳೆಯ ಗುಡುಗಲ್ಲ. ಕಲ್ಲು ಬಿದ್ದ ಸ್ಥಳ: ಗೋಮತಿ ನದಿಯ ಉತ್ತರಕ್ಕೆ, ಕಾಶಿಯಿಂದ 14 ಮೈಲಿ, ಕ್ರಾಖುಟ್ ಎಂದು ಅವನು ಬರೆದುಕೊಂಡ ಹಳ್ಳಿ. ಉಂಡೆ ಕಂಡದ್ದು ಆಕಾಶದ ಪಡುವಣ ಭಾಗದಲ್ಲಿ. ಹಳ್ಳಿಯಿಂದ 12 ಮೈಲಿಯ ಜೌನ್‌ಪುರದ ಕಡೆ ಅದನ್ನು ನೋಡಿದವರಿದ್ದಾರೆ, ಅವರಿಗೆ ಸದ್ದು ಕೇಳಿಸಿದ್ದು ಸಿಪಾಯಿಗಳ ತುಕಡಿಯೊಂದು ಒಟ್ಟಿಗೆ ಹಾರಿಸಲಾಗದೆ ಅಲ್ಲೊಂದು ಇಲ್ಲೊಂದು ಬಂದೂಕು ಹಾರಿಸಿದ ಹಾಗೆ. ಕಾಶಿಯಲ್ಲೂ ನೋಡಿದವರಿದ್ದಾರೆ. ಬೇರೆ ಬೇರೆ ಊರಿನ ಸಾಕ್ಷಿಗಳು. ಪಂಚರನ್ನು ಒಂದೇ ಮನೆಯಿಂದ ಕರೆಯಬಾರದು ಎಂದು ನಮಗೆ ಕಲಿಸಿದ ಪಾಠವೇ ಇದು.

ಆ ಸಾಕ್ಷಿಗಳಲ್ಲಿ ನನಗೆ ಅಚ್ಚುಮೆಚ್ಚಿನವನು ಸ್ಯಾಮ್ಯುಯೆಲ್ ಡೇವಿಸ್, ಆ ಜಿಲ್ಲೆಯ ನ್ಯಾಯಾಧೀಶ ಮತ್ತು ಮ್ಯಾಜಿಸ್ಟ್ರೇಟ್. ಡೇವಿಸ್ ಬೆಂಕಿಯುಂಡೆಯನ್ನು ನೋಡಲೇ ಇಲ್ಲ. ಕೋಣೆಯೊಳಗೆ ಕೂತಿದ್ದ. ಗಾಜಿನ ಕಿಟಕಿಯಿಂದ ಬೆಳಕು ನುಗ್ಗಿತು, ಕಿಟಕಿಯ ಪಟ್ಟಿಗಳ ನೆರಳು ಕಪ್ಪು ಬಣ್ಣದ ಜಮಖಾನದ ಮೇಲೆ ಸ್ಪಷ್ಟವಾಗಿ ಮೂಡಿತು. ಹುಣ್ಣಿಮೆಯ ಅತಿ ಪ್ರಖರ ಬೆಳದಿಂಗಳಷ್ಟು ಬೆಳಕು ಎಂದು ಅಂದಾಜು ಕೊಟ್ಟ. ಇದಕ್ಕಿಂತ ಒಳ್ಳೆಯ ಹೇಳಿಕೆ ನಾನು ಸರ್ವಿಸಿನಲ್ಲಿ ಕಂಡಿಲ್ಲ. ಭಾರೀ ಬೆಳಕು, ಕಣ್ಣು ಕುಕ್ಕುವ ಬೆಳಕು ಎಂದಿದ್ದರೆ ಏನನ್ನು ಅಳೆಯಲಿ? ಕಪ್ಪು ಜಮಖಾನದ ಮೇಲೆ ನೆರಳು ಮೂಡಿತು ಎಂದರೆ ಇನ್ನೂರು ವರ್ಷದ ನಂತರವೂ ಒಬ್ಬ ಲೆಕ್ಕ ಹಾಕಬಹುದು. ಶುಕ್ರಗ್ರಹಕ್ಕಿಂತ ಹೆಚ್ಚು ಹೊಳೆಯುವ ಉಲ್ಕೆಯನ್ನೇ ಈಗ ಬೆಂಕಿಯುಂಡೆ ಎನ್ನುತ್ತಾರೆ, ಹುಣ್ಣಿಮೆಯ ಚಂದ್ರನೆಂದರೆ ಶುಕ್ರನಿಗಿಂತ ಸಾವಿರಾರು ಪಟ್ಟು ಹೆಚ್ಚು. ಅಂಥದ್ದು ಕಲ್ಲು ಉದುರಿಸಿದರೆ ಆಶ್ಚರ್ಯವಿಲ್ಲ.

ಡೇವಿಸ್ ಆಕಾಶಕ್ಕೆ ಹೊಸಬನೇನಲ್ಲ. ಸೂರ್ಯಸಿದ್ಧಾಂತವನ್ನು ಓದಿ, ಹಿಂದೂಗಳು ಗ್ರಹಣ ಲೆಕ್ಕ ಹಾಕುವ ರೀತಿಯ ಬಗ್ಗೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಬರೆದಿದ್ದ. ಕಲ್ಲು ಬಿದ್ದ ಸುದ್ದಿ ಬಂದಾಗ ಅವನು ನಗಲಿಲ್ಲ. ಆಳು ಕಳಿಸಿದ.

ಆ ಆಳು ಹಳ್ಳಿಗೆ ಹೋಗಿ ವಿಚಾರಿಸಿದ. ರಾತ್ರಿ ಎಂಟರ ಸುಮಾರಿಗೆ ಎಲ್ಲರೂ ಮನೆಯೊಳಗಿದ್ದೆವು, ಆಕಾಶದಿಂದ ದೊಡ್ಡ ಬೆಳಕು, ಸಿಡಿಲಿನಂಥ ಸದ್ದು, ಹಿಂದೆಯೇ ಸುತ್ತಮುತ್ತ ಧೊಪ್ಪಧೊಪ್ಪನೆ ಏನೋ ಬಿದ್ದ ಸದ್ದು ಎಂದರು. ದೇವರ ಕೆಲಸವೇನಾದರೂ ಇರಬಹುದೆಂದು ಬೆಳಗಾಗುವ ತನಕ ಯಾರೂ ಹೊರಗೆ ಕಾಲಿಡಲಿಲ್ಲ. ಬೆಳಿಗ್ಗೆ ನೋಡಿದರೆ ಹೊಲದಲ್ಲಿ ಅಲ್ಲಲ್ಲಿ ಮಣ್ಣು ಎದ್ದಿದೆ, ಕೆಳಗೆ ಕಲ್ಲು. ಕಲ್ಲೆಲ್ಲಿ ಎಂದರೆ ಒಡೆದು ಹಂಚಿಕೊಂಡೆವು, ತಹಸೀಲ್ದಾರರಿಗೂ ಕೊಟ್ಟೆವು ಎಂದರು. (ತಹಸೀಲ್ದಾರರ ಕಚೇರಿಗೆ ಹೋದದ್ದು ವಾಪಸ್ಸು ಬರುವುದಿಲ್ಲ ಎಂಬುದು ಆಗಲೂ ಗೊತ್ತಿತ್ತೆಂದು ಕಾಣುತ್ತದೆ.) ಆದರೂ ಚಿಂತೆಯಿಲ್ಲ, ಪೈರಿನ್ನೂ ಎರಡು ಮೂರು ಅಂಗುಲ ಎತ್ತರ, ಎಲ್ಲಿ ಮಣ್ಣು ಹೊಸದಾಗಿ ಕೆದರಿದೆಯೋ ಅಲ್ಲಿ ನೋಡಿ, ಸಿಗುತ್ತದೆ ಎಂದು ದಾರಿ ತೋರಿಸಿದರು. ಹಾಗೆಯೇ ನಾಲ್ಕು ಕಲ್ಲು ಸಿಕ್ಕವು. ಆಗಷ್ಟೇ ನೀರು ಕಟ್ಟಿದ್ದ ಹೊಲ, 6 ಅಂಗುಲದಷ್ಟು ಆಳಕ್ಕೆ ಹೂತಿದ್ದವು. ಆಳು ಆ ಅಳತೆಯನ್ನೂ ತಂದು ತೋರಿಸಿದ. ಒಂದಕ್ಕೊಂದು 100 ಗಜದಷ್ಟು ದೂರ.

6 ಅಂಗುಲವೇ ಎಂದು ನಿಮಗೆ ಅನ್ನಿಸಬಹುದು. ಆಕಾಶದಿಂದ ಬಿದ್ದದ್ದು ಪಾತಾಳಕ್ಕೆ ಇಳಿಯಬೇಡವೇ? ಇಲ್ಲ. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬರುವ ಕಲ್ಲು ಗಾಳಿಯ ತಡೆಗೆ ಸಿಕ್ಕಿ ಉರಿಯುತ್ತದೆ, ಒಡೆಯುತ್ತದೆ. ನೆಲ ಇನ್ನೂ ಸುಮಾರು 20 ಕಿಲೋಮೀಟರ್ ಕೆಳಗಿರುವಾಗಲೇ ಅದರ ಆವೇಶವೆಲ್ಲ ಇಳಿದು ಬೆಳಕು ಆರುತ್ತದೆ. ಅಲ್ಲಿಂದ ಮುಂದೆ ಅದು ಯಾರೋ ಮೇಲಿನಿಂದ ಕೈಬಿಟ್ಟ ಕಲ್ಲು. ಕತ್ತಲಲ್ಲಿ ಬಂದು ಧೊಪ್ಪನೆ ಬೀಳುತ್ತದೆ. ಒದ್ದೆ ಮಣ್ಣಿನಲ್ಲಿ 6 ಅಂಗುಲ ಸರಿಯಾದ ಲೆಕ್ಕ. ಹಳ್ಳಿಯವರು ಉತ್ಪ್ರೇಕ್ಷೆ ಮಾಡಲಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. ಕಥೆ ಕಟ್ಟುವವನಾಗಿದ್ದರೆ ಆಳುದ್ದ ಗುಂಡಿ ಎನ್ನುತ್ತಿದ್ದ.

ಇನ್ನೊಂದು ಕಲ್ಲು ಕಾವಲುಗಾರನ ಗುಡಿಸಲಿನ ಸೂರು ತೂರಿಕೊಂಡು ಬಂದು, ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲದಲ್ಲಿ ಕೆಲವು ಅಂಗುಲ ಹೂತುಕೊಂಡಿತ್ತು. ಎರಡು ಪೌಂಡಿಗೂ ಮೇಲೆ ತೂಗುತ್ತಿದ್ದಿರಬೇಕು. ಅವನು ಅದನ್ನು ಬೆಳಿಗ್ಗೆ ತನ್ನ ಧಣಿಗೆ ತಂದುಕೊಟ್ಟ. ರಾತ್ರಿಯೆಲ್ಲ ಆ ಸೂರಿನ ತೂತಿನ ಕೆಳಗೆ ಅವನು ಹೇಗೆ ಕಳೆದನೋ, ವರದಿಯಲ್ಲಿ ಇಲ್ಲ.

ಇದೇ ಹೊತ್ತಿಗೆ ಜಿಲ್ಲೆಯ ಕಲೆಕ್ಟರ್ ಕಚೇರಿಯಲ್ಲಿ ಎರ್ಸ್‌ಕಿನ್ ಎಂಬ ತರುಣ ಸಹಾಯಕನಿದ್ದ. ವಸೂಲಿಯ ದೇಶೀ ಅಧಿಕಾರಿಯೊಬ್ಬ ಒಂದು ಕಲ್ಲನ್ನು ತಂದು ಅವನ ಮುಂದಿಟ್ಟ. ಎರ್ಸ್‌ಕಿನ್ ಕೂಡ ತನ್ನದೇ ಆಳನ್ನು ಕಳಿಸಿದ. ಆ ಆಳು ಡೇವಿಸನ ಆಳು ತಂದ ಕಥೆಯನ್ನೇ ತಂದ. ಅದರ ಜೊತೆಗೆ ಇನ್ನೊಂದನ್ನು ತಂದ: ವಿಚಾರಣೆ ಮಾಡಲು ಹೇಳಿದ್ದ ಖಾಜಿಯ ಸಹಿ ಮತ್ತು ಮೊಹರು ಬಿದ್ದ ಪತ್ರ.

ನಾನು ಕುರ್ಚಿಯಿಂದ ಎದ್ದದ್ದು ಇಲ್ಲಿ. ಮಹಜರು ಎಂಬ ಮಾತೇ ಅಲ್ಲಿಂದ ಬಂದದ್ದು. ಹಾಜರ್ ಎನ್ನುವ ಅರಬ್ಬೀ ಪದದ ಸೋದರ ಅದು, ಹಾಜರಿದ್ದವರ ಹೇಳಿಕೆ. ಮೊಗಲರ ಆಡಳಿತದಲ್ಲಿ ಹಾಜರಿದ್ದವರ ಸಾಕ್ಷಿ ಬರೆದು ಖಾಜಿಯ ಮೊಹರು ಒತ್ತಿದರೆ ಮಹಜರು. ನಾನು ಮದ್ದೂರಿನಲ್ಲಿ ಕೂತು ಬರೆದದ್ದು ಅದರ ಮರಿಮಕ್ಕಳನ್ನು. ಆಕಾಶದಿಂದ ಬಿದ್ದ ಕಲ್ಲಿಗೆ ಖಾಜಿಯ ಮೊಹರಿನ ಮಹಜರು ಆಗಿತ್ತು, ಯೂರೋಪಿನ ವಿಜ್ಞಾನ ತನ್ನ ಅಭಿಪ್ರಾಯ ತಿದ್ದಿಕೊಂಡದ್ದರಲ್ಲಿ ಅದಕ್ಕೂ ಒಂದು ಪಾಲಿತ್ತು!

ತಿದ್ದಿಕೊಳ್ಳುವ ಅಗತ್ಯ ಬೇಕಾದಷ್ಟಿತ್ತು. ಆಕಾಶದಿಂದ ಕಲ್ಲು ಬೀಳುವುದಿಲ್ಲ, ಅದು ರೈತರ ಬುರುಡೆ ಎಂಬುದೇ ಓದಿದವರ ತೀರ್ಪಾಗಿದ್ದ ಕಾಲ. 1790ರ ಜುಲೈ 24ರಂದು ನೈರುತ್ಯ ಫ್ರಾನ್ಸಿನ ಬಾರ್ಬೊತಾನ್ ಸುತ್ತ ಕಲ್ಲುಗಳು ಬಿದ್ದವು. ಊರಿನ ಮೇಯರ್ ಮುನ್ನೂರು ಜನರ ಸಹಿ ಹಾಕಿಸಿ ಹೇಳಿಕೆ ಕಳಿಸಿದ. ಮುನ್ನೂರು ಪಂಚರ ಮಹಜರು! ಬೆರ್ತೋಲೋನ್ ಎಂಬ ವಿದ್ವಾಂಸ ತನ್ನ ಪತ್ರಿಕೆಯಲ್ಲಿ ಇದನ್ನು ಲೇವಡಿ ಮಾಡಿ, ಒಂದು ಊರಿನ ಆಡಳಿತವೇ ಅಜ್ಜಿಕಥೆಗೆ ಸಹಿ ಹಾಕಿತಲ್ಲ ಎಂದು ಮರುಗಿದ. ನಮ್ಮ ಕಚೇರಿಯ ಹಿರಿಯರನ್ನು ನಾನು ಕ್ಷಮಿಸಿದ್ದು ಇದನ್ನು ಓದಿದ ಮೇಲೆ.

ಈ ತೀರ್ಪನ್ನು ಗಟ್ಟಿಯಾಗಿ ಪ್ರಶ್ನಿಸಿದವನು ಕಾನೂನು ಓದಿದವನು ಎಂಬುದು ನನಗೆ ಆಶ್ಚರ್ಯವಾಗಲಿಲ್ಲ. ಎರ್ನ್‌ಸ್ಟ್ ಕ್ಲಾಡ್ನಿ ಜರ್ಮನಿಯವ, ಶಬ್ದವಿಜ್ಞಾನದಲ್ಲಿ ಹೆಸರಾದವ, ಲೈಪ್‌ಜಿಗ್‌ನಲ್ಲಿ ಓದಿದ್ದು ಮಾತ್ರ ಕಾನೂನು. ಹಳೆಯ ಬೆಂಕಿಯುಂಡೆಗಳ ವರದಿಗಳನ್ನೆಲ್ಲ ಒಟ್ಟುಹಾಕಿ ವಕೀಲ ಸಾಕ್ಷಿ ತೂಗುವಂತೆ ತೂಗಿದ. ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಜನ ಒಂದೇ ಬಗೆಯಾಗಿ ಹೇಳುತ್ತಿರುವಾಗ ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ಹೇಗೆ? 1794ರಲ್ಲಿ ಪುಸ್ತಕ ಬರೆದು, ಬೆಂಕಿಯುಂಡೆಗಳು ಬಾಹ್ಯಾಕಾಶದಿಂದ ಬರುವ ಕಲ್ಲು ಕಬ್ಬಿಣಗಳೇ ಎಂದ. ಹೆಚ್ಚಿನವರು ನಂಬಲಿಲ್ಲ. ಸಾಕ್ಷಿಯಿತ್ತು, ಮುದ್ದೆಮಾಲಿನ, ಅಂದರೆ ಬಿದ್ದ ಕಲ್ಲಿನ, ಪರೀಕ್ಷೆ ಆಗಿರಲಿಲ್ಲ.

ಮುದ್ದೆಮಾಲು ಎಷ್ಟು ಮುಖ್ಯ ಎನ್ನುವುದಕ್ಕೆ ನಮ್ಮಲ್ಲೇ ಇನ್ನೂ ಹಳೆಯ ಪ್ರಕರಣವಿದೆ. 1621ರ ಏಪ್ರಿಲ್‌ನಲ್ಲಿ ಜಲಂಧರದ ಹತ್ತಿರ ಭಾರೀ ಸದ್ದಿನೊಡನೆ ಬೆಳಕೊಂದು ನೆಲಕ್ಕೆ ಬಿತ್ತು. ಪರಗಣೆಯ ಅಮೀಲ ಮಹಮ್ಮದ್ ಸಯೀದ್ ಕುದುರೆ ಏರಿ ಸ್ಥಳಕ್ಕೆ ಹೋಗಿ, ಸುಟ್ಟ ನೆಲವನ್ನು ಅಗೆಸಿ, ಒಳಗೆ ಸಿಕ್ಕ ಕಬ್ಬಿಣದ ಗಟ್ಟಿಯನ್ನು ಚೀಲಕ್ಕೆ ಹಾಕಿ ಮೊಹರು ಮಾಡಿ ಬಾದಶಹ ಜಹಾಂಗೀರನಿಗೆ ಕಳಿಸಿದ. ಸ್ಥಳ ಪರಿಶೀಲನೆ, ಜಪ್ತಿ, ಮೊಹರು, ರವಾನೆ, ಒಂದರಲ್ಲೂ ಲೋಪವಿಲ್ಲ. ನಮ್ಮ ಅಮಲ್ದಾರರ ವಂಶದ ಮೂಲಪುರುಷನೆಂದು ಇವನಿಗೆ ಹಾರ ಹಾಕಬೇಕು. ಜಹಾಂಗೀರ ತೂಕ ಹಾಕಿಸಿದ: 160 ತೊಲ. ಇಷ್ಟರ ಮಟ್ಟಿಗೆ ಸರಿ. ಆಮೇಲೆ ಉಸ್ತಾದ್ ದಾವೂದನನ್ನು ಕರೆಸಿ, ಅದಕ್ಕೆ ಮೂರಕ್ಕೊಂದು ಪಾಲು ಮಾಮೂಲಿ ಕಬ್ಬಿಣ ಬೆರೆಸಿ ಎರಡು ಕತ್ತಿ, ಒಂದು ಚೂರಿ, ಒಂದು ಬಾಕು ಮಾಡಿಸಿಬಿಟ್ಟ. ಆ ಚೂರಿ ಈಗ ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿಯಲ್ಲಿದೆ. ಚೆಲುವಾದ ಚೂರಿ. ಆದರೆ ಮುದ್ದೆಮಾಲು ಕರಗಿಹೋಯಿತು.

ಕಾಶಿಯ ಕಲ್ಲುಗಳಿಗೆ ಹಾಗಾಗಲಿಲ್ಲ. ವಿಲಿಯಮ್ಸ್ ಬಹುಮಟ್ಟಿಗೆ ಇಡಿಯಾಗಿದ್ದ ಎಂಟನ್ನು ಕಣ್ಣಾರೆ ನೋಡಿದ, ದೊಡ್ಡದೊಂದು 2 ಪೌಂಡು 12 ಔನ್ಸು. ಹೊರಗೆ ಡಾಂಬರು ಬಳಿದಂತೆ ಕಪ್ಪು ಹೊಟ್ಟು. ಒಡೆದರೆ ಒಳಗೆ ಬಿಳಿಚಿದ ಮರಳು ಮರಳು ಪದಾರ್ಥ, ಅದರಲ್ಲಿ ಹುದುಗಿದ ಬೂದು ಬಣ್ಣದ ಪುಟ್ಟ ಗುಂಡುಗಳು, ನಡುನಡುವೆ ಲೋಹದ ಮಿನುಗು. ಆ ಗುಂಡುಗಳನ್ನು ಈಗ ಕಾಂಡ್ರೂಲ್ ಎನ್ನುತ್ತಾರೆ. ಚಿತ್ರ ನೋಡಿದಾಗ ನನಗೆ ನೆನಪಾದದ್ದು ಹಸಿ ಗೋಡೆಗೆ ಅಂಟಿದ ರಾಗಿಕಾಳು. ಭೂಮಿ ಗಟ್ಟಿಯಾಗುವ ಮೊದಲು, 450 ಕೋಟಿ ವರ್ಷಕ್ಕೂ ಹಿಂದೆ ಕರಗಿ ಹನಿಯಾಗಿ ಆರಿದ ಕಾಳುಗಳು ಅವು. ವಿಲಿಯಮ್ಸನಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಈ ಸೀಮೆಯಲ್ಲಿ ಜ್ವಾಲಾಮುಖಿ ಇಲ್ಲ, ಇಂಥ ಕಲ್ಲು ಇಲ್ಲಿನ ನೆಲದಲ್ಲಿ ಯಾರೂ ಕಂಡಿಲ್ಲ ಎಂದಷ್ಟೇ ಷರಾ ಬರೆದು ನಿಲ್ಲಿಸಿದ. ಕಂಡದ್ದಕ್ಕಿಂತ ಒಂದು ಸಾಲೂ ಹೆಚ್ಚು ಬರೆಯಲಿಲ್ಲ.

ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಈ ಕಲ್ಲುಗಳ ಪರೀಕ್ಷೆಯನ್ನು ಎಡ್ವರ್ಡ್ ಹೋವರ್ಡ್ ಎಂಬ ರಸಾಯನಶಾಸ್ತ್ರಜ್ಞನಿಗೆ ಒಪ್ಪಿಸಿದ. ಜೊತೆಗೆ ಇಟಲಿಯ ಸಿಯೆನಾದಲ್ಲಿ 1794ರಲ್ಲಿ ಬಿದ್ದದ್ದು, ಇಂಗ್ಲೆಂಡಿನ ವೋಲ್ಡ್ ಕಾಟೇಜ್ ಎಂಬಲ್ಲಿ 1795ರಲ್ಲಿ ಬಿದ್ದ 56 ಪೌಂಡಿನದು, ಬೊಹೀಮಿಯಾದ್ದೊಂದು. ಕೌಂಟ್ ದ ಬೂರ್ನೋನ್ ಎಂಬ ಖನಿಜಜ್ಞ ಕಲ್ಲಿನ ಗುಂಡು, ಮರಳು, ಲೋಹಗಳನ್ನು ತಾಳ್ಮೆಯಿಂದ ಬೇರ್ಪಡಿಸಿಕೊಟ್ಟ. ನಾಲ್ಕು ದೇಶದ ನಾಲ್ಕು ಕಲ್ಲು, ನಾಲ್ಕರ ಲೋಹದಲ್ಲೂ ನಿಕ್ಕಲ್. 1802ರಲ್ಲಿ ಹೋವರ್ಡನ ಪ್ರಬಂಧ ಅಚ್ಚಾಯಿತು, ಅದರೊಳಗೇ ವಿಲಿಯಮ್ಸನ ಮಹಜರೂ ಅಚ್ಚಾಯಿತು. ಮರುವರ್ಷ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಊರಿನ ಮೇಲೆ ಸುಮಾರು 3000 ಕಲ್ಲು ಸುರಿದಾಗ ಯಾರೂ ನಗಲಿಲ್ಲ. ಸರ್ಕಾರವೇ ಬಿಯೋ ಎಂಬ ತರುಣ ವಿಜ್ಞಾನಿಯನ್ನು ಹಳ್ಳಿ ಹಳ್ಳಿಗೆ ಕಳಿಸಿ ಹೇಳಿಕೆ ಬರೆಸಿಕೊಂಡಿತು.

ಈ ಹೋವರ್ಡನಿಗೂ ಮಂಡ್ಯಕ್ಕೂ ಒಂದು ನಂಟಿದೆ. ಕಲ್ಲುಗಳ ಕೆಲಸ ಮುಗಿದ ಹತ್ತು ವರ್ಷಕ್ಕೆ ಅವನು ಸಕ್ಕರೆಯ ಕಡೆ ತಿರುಗಿದ. ಪಾತ್ರೆಯೊಳಗಿನ ಗಾಳಿ ತೆಗೆದರೆ ಕಬ್ಬಿನ ಪಾಕ ಕಡಿಮೆ ಕಾವಿಗೇ ಕುದಿಯುತ್ತದೆ, ಸೀದುಹೋಗುವುದಿಲ್ಲ ಎಂದು ಕಂಡುಕೊಂಡು ವ್ಯಾಕ್ಯೂಮ್ ಪ್ಯಾನ್ ಮಾಡಿದ. 1933ರಲ್ಲಿ ಶುರುವಾದ ನಮ್ಮ ಮೈಷುಗರ್ ಸೇರಿದಂತೆ ಸಕ್ಕರೆ ಕಾರ್ಖಾನೆಗಳೆಲ್ಲ ನಡೆಯುವುದು ಆ ಉಪಾಯದ ಮೇಲೆ. ನಾನು ಬೆಂಕಿಯುಂಡೆ ನೋಡಿದ್ದು ಆ ಉಪಾಯ ಕಾಲಿಡದ ಆಲೆಮನೆಯ ಮುಂದೆ.

ಕಾಶಿಯಲ್ಲಿ ಆಮೇಲೆ ಏನಾಯಿತು ಎಂದು ಹೇಳಿಬಿಡುತ್ತೇನೆ. ಬೆಂಕಿಯುಂಡೆ ಬಿದ್ದ 26ನೇ ದಿನ, 1799ರ ಜನವರಿ 14ರಂದು, ಅವಧದ ಪದಚ್ಯುತ ನವಾಬ ವಜೀರ್ ಅಲಿ ತನ್ನ ಜನರೊಡನೆ ಬಂದು ಚೆರ್ರಿ ಎಂಬ ಬ್ರಿಟಿಷ್ ಅಧಿಕಾರಿಯನ್ನೂ ಇನ್ನು ಕೆಲವರನ್ನೂ ಕೊಂದ. ಅಲ್ಲಿಂದ ಡೇವಿಸನ ಮನೆಗೆ ನುಗ್ಗಿದರು. ಡೇವಿಸ್ ಹೆಂಡತಿ ಮಕ್ಕಳನ್ನು ಮಾಳಿಗೆಗೆ ಹತ್ತಿಸಿ, ಇಕ್ಕಟ್ಟಾದ ಮೆಟ್ಟಿಲ ತುದಿಯಲ್ಲಿ ಈಟಿ ಹಿಡಿದು ನಿಂತು, ಕುದುರೆ ದಂಡು ಬರುವ ತನಕ ತಡೆದ. ಶಕುನದ ಮಾತಿಗೆ ಬಂದರೆ, ಬೃಹತ್ಸಂಹಿತೆಯಲ್ಲಿ ವರಾಹಮಿಹಿರ ಉಲ್ಕೆಗಳಿಗೇ ಒಂದು ಅಧ್ಯಾಯ ಮೀಸಲಿಟ್ಟು ಧಿಷ್ಣ್ಯ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ ಮಾಡಿ ಫಲ ಹೇಳಿದ್ದಾನೆ. ಕಾಶಿಯ ಜೋಯಿಸರು ಆ ಜನವರಿಯಲ್ಲಿ ಏನು ಹೇಳಿರಬೇಡ! ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣವೂ ಬಿತ್ತು, ಟಿಪ್ಪು ಸತ್ತ. ನಮ್ಮ ನೀರಗಂಟಿಗೆ ಇದನ್ನೆಲ್ಲ ಹೇಳಿದ್ದರೆ, ನಾನು ಆವತ್ತೇ ಯೋಳಲಿಲ್ವಾ ಎನ್ನುತ್ತಿದ್ದ.

ನನ್ನ ತಕರಾರು ಬೇರೆ. ವಿಲಿಯಮ್ಸ್, ಡೇವಿಸ್, ಎರ್ಸ್‌ಕಿನ್, ಕಾವಲುಗಾರನ ಧಣಿ, ಎಲ್ಲರ ಹೆಸರೂ ಅಚ್ಚಾಗಿದೆ. ಅಳತೆ ಹಿಡಿದು ಬಂದ ಆಳು ಬುದ್ಧಿವಂತ ಎಂದಿದೆ, ಹೆಸರಿಲ್ಲ. ಸೂರು ತೂತಾದ ಕಾವಲುಗಾರನಿಗೆ ಹೆಸರಿಲ್ಲ. ಮೊಹರು ಒತ್ತಿದ ಖಾಜಿಗೂ ಹೆಸರಿಲ್ಲ. ಹೊಲದಲ್ಲಿ ಕಲ್ಲು ಎಲ್ಲೆಲ್ಲಿ ಹುಡುಕಬೇಕೆಂದು ತೋರಿಸಿದ ರೈತರಂತೂ ಬರೀ ಜನ. ಪಂಚರ ಹೆಸರಿಲ್ಲದ ಮಹಜರನ್ನು ಯಾವ ಕೋರ್ಟೂ ಒಪ್ಪುವುದಿಲ್ಲ. ವಿಲಿಯಮ್ಸನ ಕೆಲಸಕ್ಕೆ ನೂರಕ್ಕೆ ತೊಂಬತ್ತು ಕೊಟ್ಟು, ಹತ್ತನ್ನು ನಾನು ಇದಕ್ಕೇ ಕಳೆಯುತ್ತೇನೆ.

ಉಲ್ಕೆಗಳ ಜಾಗತಿಕ ಪಟ್ಟಿಯಲ್ಲಿ ಕಲ್ಲಿಗೆ ಬಿದ್ದ ಊರಿನ ಹೆಸರನ್ನೇ ಇಡುವುದು ಪದ್ಧತಿ. ಅದನ್ನು ತಿರುವಿಹಾಕುವಾಗ ಕಣ್ಣಿಗೆ ಬಿತ್ತು: ಮುದ್ದೂರ್, ಮೈಸೂರು, 21 ಸೆಪ್ಟೆಂಬರ್ 1865. ನಮ್ಮ ಮದ್ದೂರೇ. ಮಂಗಳ ಗ್ರಹದಿಂದ ಬಂದದ್ದೆಂದು ಈಗ ಜಗತ್ತಿಗೆಲ್ಲ ಗೊತ್ತಿರುವ ಬಿಹಾರದ ಶೇರ್‌ಘಾಟಿಯ ಕಲ್ಲು ಬಿದ್ದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಮರುವರ್ಷ ಉಡುಪಿಯದೊಂದು. ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದ ತಾಲ್ಲೂಕಿನ ಹೆಸರು ವಡೆಯಿಂದಲ್ಲದೆ ಆಕಾಶದ ಕಲ್ಲಿನಿಂದಲೂ ದಾಖಲೆಗೆ ಸೇರಿದೆ ಎಂದು ನನಗೆ ಗೊತ್ತಾದದ್ದು ಪಿಂಚಣಿ ಬಂದ ಮೇಲೆ. ಭಾರತದಲ್ಲಿ ಬಿದ್ದ ಇಂಥ ಕಲ್ಲುಗಳ ಪಾಲನೆ ಈಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದು.

1986ರ ಆ ಸಂಜೆಗೆ ವಾಪಸ್ಸು ಬರುತ್ತೇನೆ. ಸದ್ದು ನಿಮಿಷಕ್ಕೆ ಸುಮಾರು 20 ಕಿಲೋಮೀಟರ್ ಹೋಗುತ್ತದೆ. ಅರ್ಧ ಬೀಡಿಗೆ ಎರಡು ನಿಮಿಷ ಹಿಡಿದರೆ, ಉಂಡೆ ಒಡೆದದ್ದು ನಮ್ಮಿಂದ 40 ಕಿಲೋಮೀಟರ್ ಆಚೆ. ದಿಕ್ಕು ಪೂರ್ವ. ಅಷ್ಟು ದೂರದಲ್ಲಿ ಇರುವುದು ರಾಮನಗರ, ಮಾಗಡಿ, ಕನಕಪುರದ ಕಡೆಯ ಬಂಡೆಗಳು. ಕಲ್ಲು ಬಿದ್ದಿದ್ದರೂ ಕಲ್ಲಿನ ನಡುವೆ ಯಾರು ಗುರುತು ಹಿಡಿದಾರು? ನೀರಗಂಟಿ ತೀರಿಕೊಂಡು ಬಹಳ ವರ್ಷವಾಯಿತು, ಈಗ ಈ ಪ್ರಕರಣದಲ್ಲಿ ಉಳಿದಿರುವ ಪಂಚ ನಾನೊಬ್ಬನೇ. ಒಬ್ಬ ಪಂಚನ ಮಹಜರು ನಿಲ್ಲುವುದಿಲ್ಲ. ಆ ಚಳಿಗಾಲದ ಸಂಜೆ, ಹೊತ್ತು ಮುಳುಗಿ ಅರ್ಧ ಗಂಟೆಗೆ, ಆ ಕಡೆಯ ಊರುಗಳಲ್ಲಿ ಹಸುರು ಬೆಳಕು ಕಂಡವರು, ಗುಡುಗು ಕೇಳಿದವರು, ಮುಖ್ಯವಾಗಿ ತಾರೀಖು ಎಲ್ಲಾದರೂ ಬರೆದಿಟ್ಟವರು ಇದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ನಿಮ್ಮ ಹೆಸರನ್ನು ತಪ್ಪದೆ ಬರೆಯಿರಿ.